ಅಂಗೈ ಮೇಲೊಂದು ಎಂಜಿನ್

ಹಿರಿದಾದ ಯಂತ್ರವನ್ನು ಕಂಡು ಬೆರಗಾಗುವುದು ಎಲ್ಲರಿಗೂ ಸಹಜ. ರೈಲು ನಿಲ್ದಾಣದಲ್ಲಿ ಹಬೆಯುಗುಳುತ್ತ ನಿಂತಿರುತ್ತಿದ್ದ ಹಿಂದಿನ ಕಾಲದ ಉಗಿಬಂಡಿಯನ್ನು ನೋಡಿದವರು ಅದರ ಗಾತ್ರವನ್ನೂ ಗರ್ಜನೆಯನ್ನೂ ಇಂದಿಗೂ ಮರೆತಿಲ್ಲ. ಅಂತಹುದೇ ಉಗಿಯಂತ್ರವೊಂದನ್ನು ಅಂಗೈ ಮೇಲೆ ನಿಲ್ಲುವಷ್ಟು ಕಿರಿದಾಗಿಸಿ, ಅದರ ಒಂದೊಂದು ಅಂಗವನ್ನೂ ಮನೆಯ ಮೂಲೆಯ ಕಾರ್ಯಾಗಾರದಲ್ಲಿ ತಾವೇ ಕಡೆದು, ಕೊನೆಗೆ ಅದು ನಿಜವಾಗಿಯೂ ತಿರುಗುವಂತೆ ಮಾಡುವವರೂ ಲೋಕದಲ್ಲಿದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇದನ್ನು ಆಟಿಕೆ ಮಾಡುವ ಹವ್ಯಾಸವೆಂದು ಹಗುರವಾಗಿ ಎಣಿಸುವಂತಿಲ್ಲ. ಆಟಿಕೆಗೆ ಹೊರರೂಪ ಒಪ್ಪವಾಗಿದ್ದರೆ ಸಾಕು. ಎಂಜಿನ್ನಿಗೆ ಒಳಗೂ ಸರಿಯಿರಬೇಕು. ಹೊರಗೆ ಎಷ್ಟೇ ಚೆಲುವಾಗಿ ಬಣ್ಣ ಬಳಿದಿದ್ದರೂ ಒಳಗಿನ ರಂಧ್ರವು ಕೂದಲೆಳೆಯಷ್ಟು ಓರೆಯಾಗಿದ್ದರೆ ಚಕ್ರ ತಿರುಗಲಾರದು. ಯಾರ ಕಣ್ಣಿಗೂ ಕಾಣದ ಕಡೆಯಲ್ಲಿ ಮಾಡಿದ ಕೆಲಸವು ಸರಿಯೋ ತಪ್ಪೋ ಎಂಬುದನ್ನು ಯಂತ್ರವೇ ಹೇಳಿಬಿಡುತ್ತದೆ. ಈ ಕಸುಬಿನ ಸ್ವಾರಸ್ಯವೂ ಕಷ್ಟವೂ ಇರುವುದು ಇಲ್ಲಿಯೇ. ಅದನ್ನು ಓದುಗ ಬಂಧುಗಳ ಮುಂದೆ ತುಸು ವಿವರವಾಗಿ ಇರಿಸುವುದು ಈ ಲೇಖನದ ಉದ್ದೇಶ.

ಕಸುಬು ಬೆಳೆದು ಬಂದ ಬಗೆ

ಮನೆಯಲ್ಲಿ ಮಾದರಿ ಎಂಜಿನ್ ಕಟ್ಟುವ ಪರಿಪಾಠವು ಒಂದು ವ್ಯವಸ್ಥಿತ ರೂಪವನ್ನು ತಾಳಿದ್ದು ಇಂಗ್ಲೆಂಡಿನಲ್ಲಿ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬವರು ಇದಕ್ಕೆಂದೇ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಹವ್ಯಾಸಿಗಳ ಸಂಘವೂ ಹುಟ್ಟಿಕೊಂಡಿತು. ಹಗಲು ಬೇರೆ ಬೇರೆ ಉದ್ಯೋಗಗಳಲ್ಲಿದ್ದವರು ಸಂಜೆಯ ಹೊತ್ತಿನಲ್ಲಿ ಕಲಿತು ಮಾಡಲು ಬೇಕಾದ ನಕ್ಷೆಗಳೂ ವಿವರಣೆಗಳೂ ಆ ಪತ್ರಿಕೆಯಲ್ಲಿ ಸಂಚಿಕೆಯಿಂದ ಸಂಚಿಕೆಗೆ ಪ್ರಕಟವಾದವು. ಒಂದು ಶತಮಾನಕ್ಕೂ ಮಿಗಿಲಾಗಿ ಆ ಪತ್ರಿಕೆ ನಡೆದು ಬಂದಿತೆಂದರೆ ಅದಕ್ಕಿದ್ದ ಓದುಗರ ನಿಷ್ಠೆ ಎಂತಹುದೆಂಬುದನ್ನು ಊಹಿಸಬಹುದು.

ಸ್ಟುವರ್ಟ್ ಟರ್ನರ್ ಎಂಬ ಯಂತ್ರಶಿಲ್ಪಿಯ ಹೆಸರಿನ ಸಂಸ್ಥೆಯು ಥೇಮ್ಸ್ ನದಿಯ ದಡದ ಹೆನ್ಲಿ ಎಂಬ ಊರಿನಲ್ಲಿ ಬೆಳೆಯಿತು. ಈ ಸಂಸ್ಥೆಯು ಮಾದರಿ ಎಂಜಿನ್ನಿನ ಅಂಗಗಳನ್ನು ಒರಟು ಎರಕದ ರೂಪದಲ್ಲಿ, ನಕ್ಷೆಯೊಂದಿಗೆ ಮಾರುತ್ತಿತ್ತು. ಎರಕವನ್ನು ಕೊಂಡವರು ಅದನ್ನು ಮನೆಯಲ್ಲಿ ಕಡೆದು, ಕೊರೆದು, ಉಜ್ಜಿ ಎಂಜಿನ್ನಾಗಿಸಬೇಕು. ಇವುಗಳಲ್ಲಿ 'ಟೆನ್ ವಿ' ಎಂಬ ನೆಟ್ಟಗೆ ನಿಲ್ಲುವ ಉಗಿಯಂತ್ರವು ಬಹು ಪ್ರಸಿದ್ಧ. ಅದರ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಅಂಗುಲ, ಅಂದರೆ ಸುಮಾರು 19 ಮಿಲಿಮೀಟರ್. ಪಿಸ್ಟನ್ ಏರಿಳಿಯುವ ದೂರವೂ ಅಷ್ಟೇ. ಗತಿಚಕ್ರದ ಅಡ್ಡಳತೆ ಮೂರು ಅಂಗುಲ. ಅಸಂಖ್ಯಾತ ಹವ್ಯಾಸಿಗಳು ಕೈ ಪಳಗಿಸಿಕೊಂಡದ್ದು ಈ ಪುಟ್ಟ ಯಂತ್ರದ ಮೇಲೆಯೇ. ಆದುದರಿಂದ ನಾವೂ ಇದನ್ನೇ ಮುಂದಿಟ್ಟುಕೊಂಡು ವಿಷಯವನ್ನು ತಿಳಿಯೋಣ.

ಅಳತೆ ಕುಗ್ಗಿದರೂ ಪ್ರಕೃತಿ ಕುಗ್ಗದು

ದೊಡ್ಡ ಎಂಜಿನ್ನಿನ ನಕ್ಷೆಯಲ್ಲಿರುವ ಅಳತೆಗಳನ್ನೆಲ್ಲ ಹನ್ನೆರಡರಿಂದ ಭಾಗಿಸಿದರೆ ಹನ್ನೆರಡನೆಯ ಒಂದಂಶದ ಚಿಕ್ಕ ಎಂಜಿನ್ ಸಿದ್ಧವಾಗುತ್ತದೆಯೆಂದು ಮೊದಲ ನೋಟಕ್ಕೆ ತೋರುತ್ತದೆ. ಗಣಿತವು ಬೇರೆಯೇ ಮಾತನ್ನು ಹೇಳುತ್ತದೆ. ಉದ್ದವು 12ನೆಯ ಒಂದಂಶವಾದಾಗ ಮೇಲ್ಮೈಯು 144ನೆಯ ಒಂದಂಶವಾಗುತ್ತದೆ, ಗಾತ್ರವೂ ತೂಕವೂ 1,728ನೆಯ ಒಂದಂಶಕ್ಕೆ ಇಳಿಯುತ್ತವೆ. ಹೀಗೆ ಗಾತ್ರವು ಬೇಗ ಕುಗ್ಗುತ್ತದೆ, ಮೇಲ್ಮೈಯು ಅಷ್ಟು ಬೇಗ ಕುಗ್ಗುವುದಿಲ್ಲ. ಪರಿಣಾಮವಾಗಿ ಚಿಕ್ಕ ಸಿಲಿಂಡರಿನಲ್ಲಿರುವ ಅಲ್ಪ ಪ್ರಮಾಣದ ಉಗಿಗೆ ಅದನ್ನು ತಣಿಸುವ ಗೋಡೆಯು ಹೆಚ್ಚಾಗಿ ಒದಗುತ್ತದೆ. ದೊಡ್ಡ ಪಾತ್ರೆಯಲ್ಲಿ ಕಾಯಿಸಿದ ಹಾಲು ಬಹಳ ಹೊತ್ತು ಬಿಸಿಯಾಗಿರುವುದನ್ನೂ ಅದೇ ಹಾಲನ್ನು ಸಣ್ಣ ಲೋಟಕ್ಕೆ ಬಗ್ಗಿಸಿದಾಗ ಬೇಗನೆ ಆರುವುದನ್ನೂ ಪ್ರತಿ ಮನೆಯ ತಾಯಂದಿರೂ ಬಲ್ಲರು. ಚಿಕ್ಕ ಎಂಜಿನ್ನಿನಲ್ಲಿ ನಡೆಯುವುದೂ ಇದೇ.

ಉಗಿಯ ಸೋರಿಕೆಯ ಲೆಕ್ಕವೂ ಹೀಗೆಯೇ. 400 ಮಿಲಿಮೀಟರ್ ಅಡ್ಡಳತೆಯ ದೊಡ್ಡ ಪಿಸ್ಟನ್ನಿನ ಸುತ್ತ ಒಂದಿಷ್ಟು ಸಂದಿ ಉಳಿದಿದೆಯೆಂದು ಭಾವಿಸೋಣ. ಅಷ್ಟೇ ಸಂದಿಯು 19 ಮಿಲಿಮೀಟರಿನ ಪಿಸ್ಟನ್ನಿನ ಸುತ್ತಲೂ ಉಳಿದರೆ, ಪಿಸ್ಟನ್ನಿನ ಮುಖದ ವಿಸ್ತೀರ್ಣಕ್ಕೆ ಹೋಲಿಸಿದಾಗ ಸೋರುವ ದಾರಿಯು ಸುಮಾರು 21 ಪಟ್ಟು ಹೆಚ್ಚಾಗುತ್ತದೆ. ಲೋಹವನ್ನು ಕಿರಿದಾಗಿಸಬಹುದು. ಉಗಿಯನ್ನೂ ನೀರನ್ನೂ ಬೆಂಕಿಯನ್ನೂ ಕಿರಿದಾಗಿಸುವಂತಿಲ್ಲ. ಆದುದರಿಂದ ಯಂತ್ರವು ಚಿಕ್ಕದಾದಷ್ಟೂ ಅದನ್ನು ಮಾಡುವವನ ಕೈ ಮತ್ತಷ್ಟು ನಿಖರವಾಗಬೇಕು.

ಈ ಕಾರಣದಿಂದಲೇ ಅತಿ ಚಿಕ್ಕ ಉಗಿಬಂಡಿಯು ಕಲ್ಲಿದ್ದಲ ಬೆಂಕಿಯಿಂದ ಮನುಷ್ಯನನ್ನು ಎಳೆಯಲಾರದೆಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಅದನ್ನು ಮುರಿದವರು ಇಂಗ್ಲೆಂಡಿನ ಲಾರೆನ್ಸ್ ಎಂಬವರು. ಯೌವನದಲ್ಲಿ ತಾವು ಕೆಲಸ ಮಾಡಿದ್ದ ರೈಲ್ವೆಯ ಹೆಸರಿನ ಮೊದಲಕ್ಷರಗಳಾದ 'ಎಲ್.ಬಿ.ಎಸ್.ಸಿ.' ಎಂಬುದನ್ನೇ ಅವರು ಲೇಖನನಾಮವಾಗಿ ಬಳಸಿದರು. 1920ರ ದಶಕದಲ್ಲಿ ಅವರ 'ಆಯೇಷಾ' ಎಂಬ ಉಗಿಬಂಡಿಯು ಎರಡೂವರೆ ಅಂಗುಲ ಅಂತರದ ಹಳಿಗಳ ಮೇಲೆ, ಕಲ್ಲಿದ್ದಲ ಬೆಂಕಿಯಲ್ಲಿಯೇ, ಬೆಳೆದ ಮನುಷ್ಯನನ್ನು ಎಳೆದು ತೋರಿಸಿತು. ನಿಜವಾದ ರೈಲುಹಳಿಗಳ ಅಂತರ ಅಲ್ಲಿ 56½ ಅಂಗುಲ. ಅಂದರೆ ಆಯೇಷಾಳ ಹಳಿ ಅದಕ್ಕಿಂತ 22 ಪಟ್ಟಿಗೂ ಹೆಚ್ಚು ಕಿರಿದು. ಹೊರರೂಪದ ಅಂದಕ್ಕಿಂತ ಒಳಗಿನ ಬಾಯ್ಲರು, ಉಗಿಯ ದಾರಿ, ಕವಾಟಗಳ ಅಳತೆ ಇವುಗಳ ಕಡೆಗೆ ಅವರು ಕೊಟ್ಟ ಗಮನವೇ ಆ ಗೆಲುವಿನ ಗುಟ್ಟು. ಅನಂತರ ದಶಕಗಳ ಕಾಲ ಅವರು ಅನನುಭವಿಗಳಿಗೂ ತಿಳಿಯುವ ಸರಳವಾದ ಮಾತಿನಲ್ಲಿ ಈ ವಿದ್ಯೆಯನ್ನು ಬರೆದು ಹಂಚಿದರು. 1967ರಲ್ಲಿ ಅವರು ತೀರಿಕೊಂಡರು.

ಹಿಡಿಯುವುದೇ ಅರ್ಧ ಕೆಲಸ

ಈ ಕೆಲಸದ ಮುಖ್ಯ ಸಾಧನ ಲೇತ್. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವುದನ್ನು ನೋಡಿದವರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಸ್ತುವು ತಿರುಗುತ್ತದೆ, ಉಳಿಯು ಅದನ್ನು ತಾಗಿ ಸವರುತ್ತದೆ. ಲೋಹದ ಲೇತಿನಲ್ಲಿ ಉಳಿಯನ್ನು ಕೈಯಲ್ಲಿ ಹಿಡಿಯದೆ ಗಟ್ಟಿಯಾದ ಪೀಠಕ್ಕೆ ಬಿಗಿದು, ತಿರುಪಿನ ಹಿಡಿಕೆಗಳಿಂದ ನೂರನೆಯ ಒಂದಂಶ ಮಿಲಿಮೀಟರಿನ ಲೆಕ್ಕದಲ್ಲಿ ಸರಿಸುತ್ತಾರೆ. ನಮ್ಮ ನಾಡಿಗೆ ಈ ಯಂತ್ರ ಹೊಸತಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳೂ, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ.ಯ ಲೇತುಗಳೂ ಎಷ್ಟೋ ಮನೆತನಗಳಿಗೆ ಅನ್ನ ನೀಡಿವೆ. ಇಂಗ್ಲೆಂಡಿನ ಹವ್ಯಾಸಿಗಳಿಗೆ ಅಂತಹುದೇ ಆಪ್ತವಾದ ಹೆಸರು ಮೈಫೋರ್ಡ್. ಆ ಸಂಸ್ಥೆಯು 1946ರಲ್ಲಿ ಹೊರತಂದ 'ಎಂ.ಎಲ್. 7' ಎಂಬ ಚಿಕ್ಕ ಲೇತ್ ಮನೆಮನೆಯ ಕಾರ್ಯಾಗಾರವನ್ನು ಸೇರಿತು.

ಲೋಹವನ್ನು ಸವರುವುದು ಕಷ್ಟವೆಂದು ಹೊಸಬರು ಭಾವಿಸುತ್ತಾರೆ. ಪಳಗಿದವರನ್ನು ಕೇಳಿದರೆ ಹಿಡಿಯುವುದು ಅದಕ್ಕಿಂತ ಕಷ್ಟವೆನ್ನುತ್ತಾರೆ. ಬೆಳೆಕಾಳಿನಷ್ಟು ಚಿಕ್ಕ ಅಂಗವನ್ನು ಸಡಿಲವಾಗಿ ಹಿಡಿದರೆ ಅದು ಉಳಿಯ ಹೊಡೆತಕ್ಕೆ ಸಿಡಿದು ಹೋಗುತ್ತದೆ. ಬಿಗಿಯಾಗಿ ಹಿಡಿದರೆ ನಜ್ಜುಗುಜ್ಜಾಗುತ್ತದೆ. ಆದುದರಿಂದ ಅನೇಕ ವೇಳೆ ಅಂಗವನ್ನು ಮಾಡುವುದಕ್ಕೆ ಮುಂಚೆ ಅದನ್ನು ಹಿಡಿಯುವ ಸಲಕರಣೆಯೊಂದನ್ನು ಮಾಡಿಕೊಳ್ಳಬೇಕಾಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆಯ ಸಿದ್ಧತೆ! ಕೆಲವರು ಚಿಕ್ಕ ತುಂಡನ್ನು ಹಿತ್ತಾಳೆಯ ಗುಂಡಿನ ತುದಿಗೆ ಅಂಟಿನಿಂದ ಅಂಟಿಸಿ ಕಡೆಯುತ್ತಾರೆ. ಕೆಲಸ ಮುಗಿದ ಮೇಲೆ ಮೆಲ್ಲಗೆ ಕಾಯಿಸಿದರೆ ಅಂಟು ಬಿಟ್ಟುಕೊಡುತ್ತದೆ.

ಇನ್ನೊಂದು ನಿಯಮವೂ ಉಂಟು. ಪರಸ್ಪರ ಹೊಂದಬೇಕಾದ ಮೈಗಳನ್ನು ಆದಷ್ಟು ಒಂದೇ ಹಿಡಿತದಲ್ಲಿ ಕಡೆದು ಮುಗಿಸಬೇಕು. ಲೇತಿನ ಮೂರು ದವಡೆಗಳ ಚಕ್ಕಿನಿಂದ ಒಮ್ಮೆ ತೆಗೆದ ವಸ್ತುವನ್ನು ಮತ್ತೆ ಹಿಡಿದಾಗ ಅದು ಮೊದಲಿನ ನಡುವನ್ನೇ ಹಿಡಿದು ತಿರುಗುವುದಿಲ್ಲ, ಕೆಲವು ನೂರನೆಯ ಅಂಶ ಮಿಲಿಮೀಟರುಗಳಷ್ಟು ಓಲಾಡುತ್ತದೆ. ಗತಿಚಕ್ರದ ನಡುವಿನ ರಂಧ್ರವನ್ನು ಒಂದು ದಿನ, ಅಂಚನ್ನು ಇನ್ನೊಂದು ದಿನ ಬೇರೆ ಹಿಡಿತದಲ್ಲಿ ಕಡೆದವನ ಚಕ್ರವು ಓಲಾಡುತ್ತ ತಿರುಗಿ ಆ ತಪ್ಪನ್ನು ಎಲ್ಲರ ಮುಂದೆ ಸಾರುತ್ತದೆ. ನಿಖರತೆ ಬೇಕಾದಲ್ಲಿ ನಾಲ್ಕು ದವಡೆಗಳ ಚಕ್ಕಿನಲ್ಲಿ ಹಿಡಿದು, ಡಯಲ್ ಗೇಜಿನ ಮುಳ್ಳು ಅಲುಗದಂತಾಗುವವರೆಗೆ ಒಂದೊಂದೇ ದವಡೆಯನ್ನು ಸರಿಪಡಿಸುವ ಸಹನೆ ಬೇಕು.

ಒಂದೊಂದೇ ಅಂಗ

ಸಿಲಿಂಡರಿನಿಂದ ಆರಂಭಿಸೋಣ. ಎರಕದ ಕಬ್ಬಿಣದ ಒರಟು ತುಂಡಿನೊಳಗೆ ಉದ್ದನೆಯ ಕಂಬಿಯ ತುದಿಗೆ ಉಳಿಯನ್ನು ಕಟ್ಟಿ ರಂಧ್ರವನ್ನು ಹಿಗ್ಗಿಸುತ್ತಾರೆ. ಈ ಕಂಬಿಯು ಎಷ್ಟೇ ಗಟ್ಟಿಯಾಗಿದ್ದರೂ ಕೆಲಸದ ಒತ್ತಡಕ್ಕೆ ತುಸು ಬಾಗುತ್ತದೆ. ಆದುದರಿಂದ ಕೊನೆಯ ಸುತ್ತಿನಲ್ಲಿ ಉಳಿಯನ್ನು ಮುಂದೊತ್ತದೆ, ಅದೇ ಅಳತೆಯಲ್ಲಿಯೇ ಎರಡು ಮೂರು ಬಾರಿ ಒಳಗೆ ಹೊರಗೆ ನಡೆಸುತ್ತಾರೆ. ಪ್ರತಿ ಸಲವೂ ಹುಡಿಯಷ್ಟು ಲೋಹ ಉದುರುತ್ತದೆ. ಏನೂ ಉದುರದಂತಾದಾಗ ರಂಧ್ರವು ಒಂದು ತುದಿಯಿಂದ ಇನ್ನೊಂದು ತುದಿಗೆ ಬಹುಮಟ್ಟಿಗೆ ಏಕರೂಪವಾಗಿದೆಯೆಂದು ತಿಳಿಯಬಹುದು. ಉಗಿಯಂತ್ರದ ಪಿಸ್ಟನ್ನಿನ ಸುತ್ತ ಕಾಲುವೆಯೊಂದನ್ನು ತೋಡಿ, ಗ್ರ್ಯಾಫೈಟ್ ಬೆರೆತ ನೂಲನ್ನು ಸುತ್ತಿ ಸೋರಿಕೆಯನ್ನು ತಡೆಯುವುದು ಹಳೆಯ ಕ್ರಮ. ಇಂಧನವು ಒಳಗೇ ಉರಿಯುವ ಚಿಕ್ಕ ಎಂಜಿನ್ನುಗಳಿಗೆ ಈ ನೂಲು ಸಾಲದು. ಅವುಗಳಲ್ಲಿ ಪಿಸ್ಟನ್ನನ್ನೂ ಸಿಲಿಂಡರನ್ನೂ ಅತಿ ನುಣುಪಾದ ಸಾಣೆಹುಡಿಯಿಂದ ಉಜ್ಜಿ ಉಜ್ಜಿ, ಕೆಲವೇ ಸಾವಿರದ ಅಂಶ ಮಿಲಿಮೀಟರಿನ ಅಂತರಕ್ಕೆ ತರಬೇಕಾಗುತ್ತದೆ.

ಇಷ್ಟು ಸೂಕ್ಷ್ಮವಾದ ಅಳತೆಗೆ ಬಂದಾಗ ಕಾವು ಕೂಡ ಶತ್ರುವಾಗುತ್ತದೆ. ಅಲ್ಯೂಮಿನಿಯಮ್ಮಿನ 20 ಮಿಲಿಮೀಟರ್ ಪಿಸ್ಟನ್ ಒಂದನ್ನು ಕಡೆಯುವಾಗ ಅದು 50 ಡಿಗ್ರಿಯಷ್ಟು ಬಿಸಿಯೇರಿದರೆ 0.02 ಮಿಲಿಮೀಟರಿಗೂ ಮಿಗಿಲಾಗಿ ಹಿಗ್ಗುತ್ತದೆ. ಬಿಸಿಯಿರುವಾಗಲೇ ಮೈಕ್ರೋಮೀಟರಿನಿಂದ ಅಳೆದು ಸಂತೋಷಪಟ್ಟವನು ಅದು ಆರಿದ ಮೇಲೆ ಮತ್ತೆ ಅಳೆದು ವ್ಯಥೆಪಡುತ್ತಾನೆ. ಕಡೆದು, ಆರಲು ಬಿಟ್ಟು, ಅನಂತರ ಅಳೆಯುವುದೇ ಸರಿಯಾದ ಕ್ರಮ. ಅವಸರಕ್ಕೆ ಇಲ್ಲಿ ಎಡೆಯಿಲ್ಲ.

ತೆಳುವಾದ ಕಂಬಿಗಳನ್ನು ಕಡೆಯುವುದು ಇನ್ನೊಂದು ಪರೀಕ್ಷೆ. ಕಂಬಿಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದರ ಬಿಗುವು ಹದಿನಾರನೆಯ ಒಂದಂಶಕ್ಕೆ ಇಳಿಯುತ್ತದೆ. 4 ಮಿಲಿಮೀಟರ್ ಕಂಬಿ ತಾಳಿಕೊಳ್ಳುವ ಒತ್ತಡಕ್ಕೆ 2 ಮಿಲಿಮೀಟರ್ ಕಂಬಿ ಬಾಗಿ ಉಳಿಯಿಂದ ದೂರ ಸರಿಯುತ್ತದೆ. ಎರಡೂ ತುದಿಗಳಲ್ಲಿ ಆಧಾರವಿರುವ ಇಂತಹ ಕಂಬಿ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುವುದು ಇದರಿಂದಲೇ. ಉಳಿಯನ್ನು ಕ್ಷೌರದ ಕತ್ತಿಯಂತೆ ಹರಿತವಾಗಿಟ್ಟುಕೊಂಡು, ಅದರ ಮೊನೆಯನ್ನು ಸರಿಯಾಗಿ ಕಂಬಿಯ ನಡುಮಟ್ಟಕ್ಕೆ ನಿಲ್ಲಿಸಿ, ಹಿಡಿತದಿಂದ ಸ್ವಲ್ಪವೇ ಹೊರಚಾಚಿದ ಭಾಗವನ್ನು ಮುಗಿಸಿಕೊಳ್ಳುತ್ತ ಮುಂದುವರಿಯುವುದು ಇದಕ್ಕೆ ಉಪಾಯ.

ಉಗಿಯನ್ನು ಪಿಸ್ಟನ್ನಿನ ಮೇಲಕ್ಕೂ ಕೆಳಕ್ಕೂ ಸರದಿಯಂತೆ ಬಿಡುವ ಜಾರುಕವಾಟವನ್ನು ನಡೆಸುವುದು ಎಕ್ಸೆಂಟ್ರಿಕ್ ಎಂಬ ಬಿಲ್ಲೆ. ಇದರ ರಂಧ್ರವು ನಡುವಿನಲ್ಲಿರದೆ ಬೇಕೆಂದೇ ಒಂದು ಪಕ್ಕಕ್ಕೆ ಸರಿದಿರುತ್ತದೆ. ಎಷ್ಟು ಸರಿದಿದೆಯೋ ಅದರ ಇಮ್ಮಡಿ ದೂರವನ್ನು ಕವಾಟ ಕ್ರಮಿಸುತ್ತದೆ. ರಂಧ್ರವನ್ನು ಕೊರೆಯುವಾಗ 0.1 ಮಿಲಿಮೀಟರಿನ ತಪ್ಪಾದರೆ ಕವಾಟದ ನಡೆಯಲ್ಲಿ 0.2 ಮಿಲಿಮೀಟರಿನ ತಪ್ಪಾಯಿತು. ಉಗಿಯ ದಾರಿಯ ಅಗಲ ಎರಡು ಮಿಲಿಮೀಟರೆಂದು ಇಟ್ಟುಕೊಂಡರೆ ಹತ್ತರಲ್ಲಿ ಒಂದಂಶ ಕೆಟ್ಟಿತೆಂದೇ ಅರ್ಥ. ಕಿರಿಯ ಯಂತ್ರದಲ್ಲಿ ಕಿರಿಯ ತಪ್ಪೆಂಬುದಿಲ್ಲ!

ಎಳ್ಳಿನಂತಹ ತಿರುಪುಗಳು

ಚಿಕ್ಕ ಅಂಗಗಳನ್ನು ಜೋಡಿಸಲು ಚಿಕ್ಕ ತಿರುಪುಗಳೇ ಬೇಕು. ಇಂಗ್ಲೆಂಡಿನ ಮಾದರಿಕಾರರು ಬಹುವಾಗಿ ಬಳಸಿದ್ದು ಬ್ರಿಟಿಷ್ ಅಸೋಸಿಯೇಷನ್ ರೂಪಿಸಿದ ಬಿ.ಎ. ಎಂಬ ತಿರುಪುಗಳ ಶ್ರೇಣಿ. ಅದರ ಗಣಿತವು ಸೊಗಸಾದುದು. ಸೊನ್ನೆಯ ಸಂಖ್ಯೆಯ ತಿರುಪು 6 ಮಿಲಿಮೀಟರ್ ದಪ್ಪ, ಅದರ ಸುತ್ತುಗಳ ಅಂತರ 1 ಮಿಲಿಮೀಟರ್. ಅಲ್ಲಿಂದ ಮುಂದೆ ಪ್ರತಿಯೊಂದು ಸಂಖ್ಯೆಗೂ ಈ ಅಂತರವು ಹಿಂದಿನದರ ಹತ್ತರಲ್ಲಿ ಒಂಬತ್ತು ಪಾಲಾಗುತ್ತ ಇಳಿಯುತ್ತದೆ. ಹತ್ತನೆಯ ಸಂಖ್ಯೆಯ ತಿರುಪು ಕೇವಲ 1.7 ಮಿಲಿಮೀಟರ್ ದಪ್ಪ. ಹದಿನಾರನೆಯದು 0.79 ಮಿಲಿಮೀಟರ್. ನಿಜವಾದ ಎಂಜಿನ್ನಿನಲ್ಲಿರುವ ಅರ್ಧ ಅಂಗುಲದ ಬೋಲ್ಟನ್ನು ಹದಿನಾರನೆಯ ಒಂದಂಶಕ್ಕೆ ಇಳಿಸಿದರೆ ಸರಿಯಾಗಿ ಇದೇ ಅಳತೆ ಬರುತ್ತದೆ.

ಇಂತಹ ತಿರುಪಿಗೆ ರಂಧ್ರ ಕೊರೆಯುವಾಗ ವೇಗವೂ ಮುಖ್ಯ. 20 ಮಿಲಿಮೀಟರ್ ಬೈರಿಗೆಯ ಅಂಚು ನಿಮಿಷಕ್ಕೆ 20 ಮೀಟರ್ ವೇಗದಲ್ಲಿ ಸಾಗಲು ಅದು ನಿಮಿಷಕ್ಕೆ ಸುಮಾರು 320 ಸುತ್ತು ತಿರುಗಿದರೆ ಸಾಕು. 1 ಮಿಲಿಮೀಟರ್ ಬೈರಿಗೆಯು ಅದೇ ವೇಗವನ್ನು ಪಡೆಯಲು 6,000ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಹಳೆಯ ಲೇತುಗಳಿಗೆ ಇಷ್ಟು ವೇಗ ಬಾರದು. ಆಗ ಬೆರಳ ತುದಿಯ ಸ್ಪರ್ಶವನ್ನೇ ನಂಬಿ ಮೆಲ್ಲಮೆಲ್ಲನೆ ಒತ್ತಬೇಕು, ಪದೇ ಪದೇ ಹೊರತೆಗೆದು ಲೋಹದ ಹುಡಿಯನ್ನು ಒರಸಬೇಕು. ರಂಧ್ರದೊಳಗೆ ತಿರುಪಿನ ಸುತ್ತುಗಳನ್ನು ಕೆತ್ತುವ ಟ್ಯಾಪ್ ಎಂಬ ಸಾಧನವನ್ನು ಸ್ವಲ್ಪ ಮುಂದೆ ತಿರುಗಿಸಿ, ಸ್ವಲ್ಪ ಹಿಂದೆ ತಿರುಗಿಸಿ ನಡೆಸಬೇಕು. ಒಂದು ಕ್ಷಣ ಮೈಮರೆತರೆ ಟ್ಯಾಪ್ ಒಳಗೇ ಮುರಿದು ಕುಳಿತುಬಿಡುತ್ತದೆ. ಅದರ ಉಕ್ಕು ಬಹು ಕಠಿಣವಾದುದರಿಂದ ಬೈರಿಗೆಯಿಂದ ಕೊರೆದು ತೆಗೆಯುವಂತಿಲ್ಲ. ಹಿತ್ತಾಳೆಯ ಅಂಗವಾದರೆ ಒಂದು ಉಪಾಯವುಂಟು. ನೀರನ್ನು ತಿಳಿಗೊಳಿಸಲು ನಮ್ಮ ಮನೆಗಳಲ್ಲಿ ಬಳಸುತ್ತಿದ್ದ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಅದರಲ್ಲಿ ಅಂಗವನ್ನು ಬಹಳ ಹೊತ್ತು ಕಾಯಿಸಿದರೆ ಆ ದ್ರಾವಣವು ಉಕ್ಕನ್ನು ತಿಂದುಹಾಕಿ ಹಿತ್ತಾಳೆಯನ್ನು ಉಳಿಸುತ್ತದೆ. ಎರಕದ ಕಬ್ಬಿಣದ ಅಂಗಕ್ಕೆ ಈ ಉಪಾಯ ಸಲ್ಲದು, ಏಕೆಂದರೆ ಅಂಗವೂ ಕರಗಿಹೋಗುತ್ತದೆ.

ಕೆಟ್ಟ ತುಂಡಿನ ಮುಂದೆ

ಈ ಕಸುಬಿನಲ್ಲಿ ಪ್ರತಿಯೊಬ್ಬನಿಗೂ ಒಂದು ಸಂಜೆ ಬಂದೇ ಬರುತ್ತದೆ. ಹಲವು ದಿನ ಶ್ರಮಿಸಿದ ಸಿಲಿಂಡರು ಮುಗಿಯುವ ಹಂತದಲ್ಲಿದೆ. ಕೊನೆಯ ರಂಧ್ರವೊಂದು ಬಾಕಿ. ಹಿಡಿಕೆಯನ್ನು ಒಂದು ಸುತ್ತು ಹೆಚ್ಚಾಗಿ ತಿರುಗಿಸಿದ ತಪ್ಪಿಗೆ ಆ ರಂಧ್ರವು ಇರಬೇಕಾದ ಸ್ಥಳವನ್ನು ಬಿಟ್ಟು ಬೇರೆಡೆ ಬಿದ್ದಿತು. ಲೋಹವನ್ನು ತೆಗೆಯಬಹುದೇ ಹೊರತು ಮರಳಿ ಇಡಲಾಗದು.

ಆಗ ಮುಂದಿರುವುದು ಎರಡು ದಾರಿ. ಒಂದು, ರಂಧ್ರಕ್ಕೆ ಬೆಣೆ ಹೊಡೆದು, ಮೇಲೆ ಬಣ್ಣ ಬಳಿದು ಮುಚ್ಚಿಹಾಕುವುದು. ನೋಡುವವರಿಗೆ ಅದು ತಿಳಿಯುವುದಿಲ್ಲ. ಇನ್ನೊಂದು, ಆ ತುಂಡನ್ನು ಪಕ್ಕಕ್ಕಿಟ್ಟು ಹೊಸ ಎರಕವನ್ನು ಕೈಗೆತ್ತಿಕೊಳ್ಳುವುದು. ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲವೆಂಬುದೂ ನಿಜ. ಹೊರಮೈಯ ಗೀರನ್ನು ಉಜ್ಜಿ ಸರಿಪಡಿಸಿದರೆ ದೋಷವಿಲ್ಲ. ಭಾರವನ್ನೂ ಒತ್ತಡವನ್ನೂ ಹೊರುವ ಎಡೆಯಲ್ಲಿ ಮುಚ್ಚಿಟ್ಟ ತಪ್ಪು ಮಾತ್ರ ಎಂದಾದರೊಂದು ದಿನ ಹೊರಬೀಳುತ್ತದೆ. ಯಾವ ತಪ್ಪನ್ನು ತಿದ್ದಬಹುದು, ಯಾವುದನ್ನು ಬಿಸುಡಬೇಕು ಎಂಬ ವಿವೇಕವೇ ಈ ವಿದ್ಯೆಯಲ್ಲಿ ಕೊನೆಗೆ ದಕ್ಕುವ ಫಲ. ಪಳಗಿದವರು ಕೆಟ್ಟ ತುಂಡುಗಳನ್ನು ಎಸೆಯದೆ ಒಂದು ಡಬ್ಬದಲ್ಲಿ ಕೂಡಿಡುವುದುಂಟು. ಮುಂದೊಂದು ದಿನ ಅದರಿಂದ ಚಿಕ್ಕದೊಂದು ಅಂಗ ಹುಟ್ಟಬಹುದು. ಅಲ್ಲಿಯವರೆಗೆ ಅದು ಗುರುವಾಗಿ ಅಲ್ಲಿಯೇ ಇರುತ್ತದೆ.

ಇಬ್ಬರು ಸಾಧಕರು

ಸಹನೆಯು ಎಲ್ಲಿಯವರೆಗೆ ಒಯ್ಯಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಇಂಗ್ಲೆಂಡಿನಲ್ಲಿ 1931ರಲ್ಲಿ ಜನಿಸಿದ ಚೆರ್ರಿ ಹಿಲ್ ಎಂಬ ಮಹಿಳೆ ಹಿಂದಿನ ಕಾಲದ ವಿಲಕ್ಷಣವಾದ ಉಗಿಬಂಡಿಗಳನ್ನು ಬಹುಮಟ್ಟಿಗೆ ಹದಿನಾರನೆಯ ಒಂದಂಶದ ಅಳತೆಯಲ್ಲಿ ನಿರ್ಮಿಸಿದವರು. ಹಳೆಯ ದಾಖಲೆಗಳನ್ನು ಅಭ್ಯಾಸ ಮಾಡಿ, ನಕ್ಷೆಯನ್ನು ತಾವೇ ಬರೆದು, ಅಂಗಗಳನ್ನು ತಾವೇ ಕಡೆದು ಮಾಡಿದ ಈ ಯಂತ್ರಗಳಿಗಾಗಿ ಮಾದರಿಕಾರರ ಅತ್ಯುನ್ನತ ಗೌರವವಾದ ಡ್ಯೂಕ್ ಆಫ್ ಎಡಿನ್‌ಬರೊ ಪಾರಿತೋಷಕವು ಅವರಿಗೆ ಒಂಬತ್ತು ಬಾರಿ ಸಂದಿತು. ಯಂತ್ರವಿದ್ಯೆಯು ಗಂಡಸರ ಸೊತ್ತೆಂದು ತಿಳಿದಿರುವ ಮನೆಗಳಲ್ಲಿ ಈ ಹೆಸರನ್ನು ಹೆಣ್ಣುಮಕ್ಕಳಿಗೆ ಹೇಳಬೇಕು.

ಇನ್ನೊಬ್ಬರು 'ಪಾತೆಲೊ' ಎಂದು ಪ್ರಸಿದ್ಧರಾದ ಸ್ಪೇನ್ ದೇಶದ ಹೊಸೆ ಮಾನುಯೆಲ್ ಎರ್ಮೊ ಬರೆಯ್ರೊ ಎಂಬ ನಿವೃತ್ತ ಯಂತ್ರಶಿಲ್ಪಿ. ಅವರ ಹನ್ನೆರಡು ಸಿಲಿಂಡರುಗಳ ಎಂಜಿನ್ನಿನ ಪ್ರತಿ ಸಿಲಿಂಡರಿನ ಒಳವ್ಯಾಸ 11.3 ಮಿಲಿಮೀಟರ್, ಪಿಸ್ಟನ್ನಿನ ಓಟ 10 ಮಿಲಿಮೀಟರ್. ಹನ್ನೆರಡೂ ಸೇರಿ ಒಟ್ಟು ಗಾತ್ರ ಕೇವಲ 12 ಘನ ಸೆಂಟಿಮೀಟರ್, ಎಂದರೆ ಎರಡು ಮೂರು ಚಮಚ ನೀರಿನಷ್ಟು. ಅದರಲ್ಲಿ 261 ಅಂಗಗಳೂ 222 ತಿರುಪುಗಳೂ ಇವೆ. ಸಂಕುಚಿತ ಗಾಳಿಯಿಂದ ತಿರುಗುವ ಆ ಎಂಜಿನ್ನಿಗೆ ಅವರು ವ್ಯಯಿಸಿದ್ದು 1,220 ಗಂಟೆ. ದಿನಕ್ಕೆ ನಾಲ್ಕು ಗಂಟೆಯಂತೆ ಎಣಿಸಿದರೆ ಹತ್ತು ತಿಂಗಳಾಯಿತು. ಅದನ್ನು ಅವರು ತಮ್ಮ ಮೊಮ್ಮಕ್ಕಳಿಗೆ ಅರ್ಪಿಸಿದರು. ನಿವೃತ್ತಿಯ ನಂತರದ ದಿನಗಳನ್ನು ಹೇಗೆ ಕಳೆಯುವುದೆಂದು ಚಿಂತಿಸುವ ಹಿರಿಯರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಎಚ್ಚರದ ಮಾತು

ಮನೆಯಲ್ಲಿ ನಡೆಯುವ ಕೆಲಸವೆಂದು ಅಪಾಯವನ್ನು ಅಲಕ್ಷಿಸಬಾರದು. ತಿರುಗುವ ಲೇತಿನ ಬಳಿ ಸಡಿಲವಾದ ತೋಳಿನ ಅಂಗಿ, ಇಳಿಬಿದ್ದ ಸೆರಗು, ಬಿಚ್ಚಿದ ಜಡೆ, ಉಂಗುರ ಇವು ಯಾವುವೂ ಸಲ್ಲವು. ಕೈಗವಸನ್ನೂ ತೊಡಬಾರದು, ಅದು ಕೈಯನ್ನು ಕಾಯುವ ಬದಲು ಯಂತ್ರದೊಳಗೆ ಎಳೆಯುತ್ತದೆ. ಚಕ್ಕನ್ನು ಬಿಗಿಯುವ ಕೀಲಿಯನ್ನು ಅದರಲ್ಲೇ ಬಿಟ್ಟು ಯಂತ್ರವನ್ನು ಚಾಲನೆ ಮಾಡಿದರೆ ಅದು ಸಿಡಿಗುಂಡಿನಂತೆ ಹಾರುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಲೇತಿನ ಮುಂದೆ ನಿಲ್ಲಲೇಬಾರದು.

ಎಲ್ಲಕ್ಕಿಂತ ಮಿಗಿಲಾದ ಅಪಾಯ ಬಾಯ್ಲರಿನದು. 19 ಮಿಲಿಮೀಟರಿನ ಪುಟ್ಟ ಪಿಸ್ಟನ್ನಿನ ಮೇಲೆ ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಮಿನ ಒತ್ತಡವಿದ್ದರೂ ಎಂಟೂವರೆ ಕಿಲೋಗ್ರಾಮಿನ ಭಾರ ಬೀಳುತ್ತದೆ. ಅದೇ ಒತ್ತಡವು ಬಾಯ್ಲರಿನ ಪ್ರತಿ ಚದರ ಸೆಂಟಿಮೀಟರನ್ನೂ ಹೊರಕ್ಕೆ ನೂಕುತ್ತಿರುತ್ತದೆ. ಆದುದರಿಂದ ಬ್ರಿಟನ್ನಿನ ಮಾದರಿಕಾರರ ಸಂಘಗಳು ಹೊಸ ಬಾಯ್ಲರಿಗೆ ಬೆಂಕಿಯಿಡುವ ಮೊದಲು ಅದನ್ನು ತಣ್ಣೀರಿನಿಂದ ಪೂರ್ಣವಾಗಿ ತುಂಬಿ, ಕೆಲಸದ ಒತ್ತಡದ ಇಮ್ಮಡಿಗೆ ಏರಿಸಿ ಪರೀಕ್ಷಿಸುತ್ತವೆ. ನೀರು ಕುಗ್ಗುವ ವಸ್ತುವಲ್ಲ. ಬೆಸುಗೆಯೊಂದು ಬಿಟ್ಟರೂ ನೀರು ಜಿನುಗಿ ಒತ್ತಡ ಇಳಿಯುತ್ತದೆಯೇ ಹೊರತು ಸ್ಫೋಟವಾಗುವುದಿಲ್ಲ. ಉಗಿಯಿಂದಲೋ ಗಾಳಿಯಿಂದಲೋ ಈ ಪರೀಕ್ಷೆಯನ್ನು ಮಾಡಿದರೆ ಪ್ರಾಣಕ್ಕೇ ಸಂಚಕಾರ. ಮುಚ್ಚಿಹಾಕಿದ ತಪ್ಪಿನ ಬೆಲೆ ಏನೆಂಬುದು ಬಾಯ್ಲರಿನ ಮುಂದೆ ನಿಂತವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅನುಭವಿಗಳು ಪರೀಕ್ಷಿಸದ ಬಾಯ್ಲರಿಗೆ ಯಾರೂ ಬೆಂಕಿ ಹಾಕಬಾರದು. ಹೊಸಬರು ಬಾಯ್ಲರಿನ ಗೋಜಿಗೇ ಹೋಗದೆ ಎಂಜಿನ್ನನ್ನು ಅಲ್ಪ ಒತ್ತಡದ ಗಾಳಿಯಿಂದ ನಡೆಸುವುದು ಕ್ಷೇಮ.

ತಿರುಗುವ ಗಳಿಗೆ

ಇಂದು ಗಣಕಯಂತ್ರವೇ ಉಳಿಯನ್ನು ನಡೆಸುವ ಲೇತುಗಳು ಬಂದಿವೆ. ಅಂಕಿಗಳನ್ನು ಬೆಳಗಿ ತೋರುವ ಅಳತೆಯ ಸಾಧನಗಳು ಹವ್ಯಾಸಿಗಳ ಮನೆಗೂ ಬಂದಿವೆ. ಇವು ಶ್ರಮವನ್ನು ಕಡಿಮೆ ಮಾಡಿವೆ ಎಂಬುದು ದಿಟ. ಆದರೂ ತುಂಡನ್ನು ಹೇಗೆ ಹಿಡಿಯಬೇಕು, ಯಾವ ಮೈಯನ್ನು ಮೊದಲು ಕಡೆಯಬೇಕು, ಕೈಗೆ ಸಿಕ್ಕ ಅಂಗವು ಇನ್ನೊಂದರೊಳಗೆ ಜಾರುವಾಗ ಬಿಗಿಯೋ ಸಡಿಲವೋ ಹದವೋ ಎಂಬುದನ್ನು ಇಂದಿಗೂ ಮನುಷ್ಯನೇ ನಿರ್ಣಯಿಸಬೇಕು.

ಅಂಗಗಳೆಲ್ಲ ಸಿದ್ಧವಾದ ಮೇಲೆ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ ಜೋಡಿಸುತ್ತಾರೆ. ಬಿಳಿಯ ಬಟ್ಟೆಯನ್ನು ಹಾಸಿಕೊಂಡು ಕೂರುವುದು ವಾಡಿಕೆ. ನೆಲಕ್ಕೆ ಬಿದ್ದ ತಿರುಪನ್ನು ಹುಡುಕುವುದಕ್ಕಿಂತ ಹೊಸದೊಂದನ್ನು ಕಡೆಯುವುದೇ ಎಷ್ಟೋ ವೇಳೆ ಸುಲಭ! ಜೋಡಿಸಿದ ಎಂಜಿನ್ನನ್ನು ಮೊದಲು ಬೆರಳಿನಿಂದ ತಿರುಗಿಸಿ ನೋಡುತ್ತಾರೆ. ಎಲ್ಲಿಯಾದರೂ ತಡೆದರೆ ಬಲ ಪ್ರಯೋಗಿಸದೆ, ಮತ್ತೆ ಬಿಚ್ಚಿ ಕಾರಣವನ್ನು ಹುಡುಕುತ್ತಾರೆ. ಕೊನೆಗೆ ಗಾಳಿಯ ಕೊಳವೆಯನ್ನು ಸೇರಿಸಿ, ಗತಿಚಕ್ರವನ್ನು ಮೆಲ್ಲಗೆ ನೂಕಿದಾಗ ಅದು ಒಮ್ಮೆ ತಡವರಿಸಿ, ಇನ್ನೊಮ್ಮೆ ತಡವರಿಸಿ, ಅನಂತರ ತಾನಾಗಿಯೇ ತಿರುಗತೊಡಗುತ್ತದೆ. ತಿಂಗಳುಗಟ್ಟಲೆ ಬರಿಯ ಲೋಹವಾಗಿದ್ದುದು ಆ ಗಳಿಗೆಯಲ್ಲಿ ಚೇತನವನ್ನು ಪಡೆದಂತೆ ತೋರುತ್ತದೆ. ಅದನ್ನು ನೋಡಲು ಮನೆಯವರೆಲ್ಲ ಸುತ್ತ ನೆರೆಯುತ್ತಾರೆ. ಅದುವರೆಗೆ ಕಬ್ಬಿಣದ ಹುಡಿಯನ್ನು ಗುಡಿಸಿ ಗುಡಿಸಿ ಬೇಸತ್ತ ಮನೆಯೊಡತಿಯೂ ಒಂದು ಕ್ಷಣ ಪೊರಕೆಯನ್ನು ಬದಿಗಿಟ್ಟು ನಗುತ್ತಾಳೆ.

ನಮ್ಮ ಎಲ್ಲ ಮಕ್ಕಳೂ ಎಂಜಿನ್ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಹಣವೂ ಸ್ಥಳವೂ ಗುರುವೂ ಬೇಕು. ಒಂದು ಅರ, ಒಂದು ಚಿಮಟ, ಒಂದು ಅಳತೆಪಟ್ಟಿ, ಒಂದು ತುಂಡು ಹಿತ್ತಾಳೆ ಮಾತ್ರ ಯಾವ ಮನೆಗೂ ಹೊರೆಯಲ್ಲ. ಆ ತುಂಡನ್ನು ಸರಿಯಾದ ಚೌಕವಾಗಿ ಉಜ್ಜಲು ಮಗುವಿಗೆ ಹೇಳಿರಿ. ಒಂದು ಮೂಲೆ ತಗ್ಗುತ್ತದೆ, ಅದನ್ನು ಸರಿಪಡಿಸಹೋಗಿ ಇನ್ನೊಂದು ತಗ್ಗುತ್ತದೆ. ಆಗ ಬೈಯದೆ, ತಾವಾಗಿ ಉಜ್ಜಿಯೂ ಕೊಡದೆ, ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಚೌಕವು ಒಂದು ದಿನ ಸರಿಯಾಗುತ್ತದೆ. ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ನುಸುಳದಿದ್ದರೆ ಆ ಮಗುವಿಗೆ ಯಾರ ಪ್ರಶಂಸೆಯೂ ಬೇಕಾಗುವುದಿಲ್ಲ.